ಹೊರಗೆ ತಿಂದು ಹೊಟ್ಟೆ ಕೆಟ್ಟರೆ: ಫಾಸ್ಟ್‌ಫುಡ್ ಮಳಿಗೆಯ ವಿರುದ್ಧ ದೂರು ಕೊಡುವುದು ಹೇಗೆ?

ಫಾಸ್ಟ್‌ಫುಡ್ ಮಳಿಗೆಯ ತಿನಿಸಿನಿಂದ ಹೊಟ್ಟೆ ಕೆಟ್ಟಿತೆಂಬ ಅನುಮಾನ ಬಂದರೆ ನಮ್ಮವರು ಮೊದಲು ಕೌಂಟರಿಗೆ ಹೋಗಿ ಕೂಗಾಡುತ್ತಾರೆ, ಆಮೇಲೆ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುತ್ತಾರೆ. ಅಷ್ಟರಲ್ಲಿ ಬಿಲ್ಲು ಕಸದ ಬುಟ್ಟಿ ಸೇರಿರುತ್ತದೆ, ಮ್ಯಾನೇಜರ್ ಕೊಟ್ಟ ಕೂಪನ್ನಿನೊಂದಿಗೆ ವಿಷಯ ಮುಗಿದುಹೋಗುತ್ತದೆ. ಮುಂಬಯಿ, ಠಾಣೆ, ಡೊಂಬಿವಲಿಗಳ ಕನ್ನಡಿಗರ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ದೂರು ನಿಲ್ಲುವುದು ಮೊದಲ ಎರಡು ದಿನಗಳಲ್ಲಿ ನೀವು ಬರೆದಿಟ್ಟುಕೊಂಡ ವಿವರಗಳ ಬಲದ ಮೇಲೆ.

ಮೊದಲು ಚಿಕಿತ್ಸೆ

ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದಷ್ಟು ವಾಂತಿ ಅಥವಾ ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳು, ವೃದ್ಧರು, ಗರ್ಭಿಣಿಯರ ವಿಷಯದಲ್ಲಿ ಅಷ್ಟರವರೆಗೂ ಕಾಯಬಾರದು. ಓಆರ್‌ಎಸ್ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ನಮೂದಿಸಿದ ಪುಡಿಯನ್ನೇ ಕೊಳ್ಳಿ. ಅದೇ ಕಪಾಟಿನಲ್ಲಿ ಸಿಗುವ ಸಿಹಿ ಪಾನೀಯದ ಪೊಟ್ಟಣಗಳು ಅದಕ್ಕೆ ಬದಲಿಯಲ್ಲ. ರೋಗಲಕ್ಷಣ ಶುರುವಾದ ಸಮಯವನ್ನೂ ಆಹಾರದ ಬಗೆಗಿನ ಅನುಮಾನವನ್ನೂ ಕೇಸ್ ಪೇಪರಿನಲ್ಲಿ ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳಿ. ಮಲಪರೀಕ್ಷೆ ಅಗತ್ಯವೆಂದು ಅವರು ಹೇಳಿದರೆ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಮಾದರಿ ಕೊಡುವುದು ಒಳ್ಳೆಯದು, ಏಕೆಂದರೆ ಔಷಧಿ ಒಳಗೆ ಹೋದ ಮೇಲೆ ರೋಗಾಣು ಪತ್ತೆಯಾಗದೆ ಹೋಗಬಹುದು.

ಬಿಲ್ಲು ಮತ್ತು ಉಳಿದ ತಿನಿಸು

2022ರ ಜನವರಿ 1ರಿಂದ ಆಹಾರ ಮಾರುವವರು ಬಿಲ್ಲಿನ ಮೇಲೆ ತಮ್ಮ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆಯನ್ನು ಮುದ್ರಿಸುವುದು ಕಡ್ಡಾಯ. ಒಂದೇ ಹೆಸರಿನ ಹತ್ತಾರು ಮಳಿಗೆಗಳಿರುವ ನಗರದಲ್ಲಿ ನೀವು ತಿಂದದ್ದು ಯಾವುದರಲ್ಲಿ ಎಂದು ಗುರುತಿಸಲು ಅದು ನೆರವಾಗುತ್ತದೆ. ಯುಪಿಐ ಸಂದೇಶವೊಂದೇ ಸಾಲದು. ಹಣ ಕೊಟ್ಟದ್ದು ಅದರಿಂದ ಗೊತ್ತಾಗುತ್ತದೆಯೇ ಹೊರತು ಏನು ತಿಂದಿರಿ ಎಂಬುದಲ್ಲ. ಉಳಿದ ತಿನಿಸನ್ನು ಅದರ ಪೊಟ್ಟಣದ ಸಮೇತ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ದಿನಾಂಕ ಬರೆದು, ಫ್ರಿಜ್ಜಿನಲ್ಲಿಡಿ. ಆದರೆ ಇದರ ಮೇಲೆ ಬಹಳ ಭರವಸೆ ಬೇಡ: 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಗ್ರಾಹಕರೇ ಆಹಾರವನ್ನು ಪರೀಕ್ಷೆಗೆ ಕಳಿಸಬಹುದಾದರೂ, ಆ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು.

ಎಪ್ಪತ್ತೆರಡು ಗಂಟೆಗಳ ಪಟ್ಟಿ

ಬಹುತೇಕರು ಎಡವುವುದು ಇಲ್ಲಿಯೇ. ವಾಂತಿಯಾದ ಕೂಡಲೇ ಕಟ್ಟಕಡೆಗೆ ತಿಂದದ್ದರ ಮೇಲೆ ತಪ್ಪು ಹೊರಿಸುವುದು ಸಹಜ. ರೋಗಾಣುಗಳು ಆ ಲೆಕ್ಕದಲ್ಲಿ ನಡೆಯುವುದಿಲ್ಲ. ಸ್ಟೆಫೈಲೊಕಾಕಸ್ ಬಿಟ್ಟ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ತರಿಸಬಲ್ಲದು. ನೋರೊವೈರಸ್‌ಗೆ ಸಾಮಾನ್ಯವಾಗಿ 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನಗಳವರೆಗೆ ಸುಮ್ಮನಿರಬಹುದು. ಶನಿವಾರ ರಾತ್ರಿ ಎಂಟಕ್ಕೆ ಮಾಲ್‌ನಲ್ಲಿ ಚಿಕನ್ ಬರ್ಗರ್ ತಿಂದು, ಒಂಬತ್ತಕ್ಕೆ ಜ್ವರದೊಂದಿಗೆ ಭೇದಿ ಹಿಡಿದರೆ ಕಾರಣ ಬರ್ಗರ್ ಆಗಿರುವ ಸಂಭವ ಕಡಿಮೆ. ಗುರುವಾರ, ಶುಕ್ರವಾರದ ಊಟಗಳನ್ನೇ ನೋಡಬೇಕಾಗುತ್ತದೆ.

ಆದ್ದರಿಂದ ಹಿಂದಿನ ಮೂರು ದಿನ ತಿಂದದ್ದನ್ನೂ ಕುಡಿದದ್ದನ್ನೂ ಗಂಟೆ ಸಮೇತ ಬರೆಯಿರಿ. ಸ್ಟೇಷನ್ನಿನ ಹೊರಗೆ ತಿಂದ ವಡಾ ಪಾವ್, ಕಬ್ಬಿನ ಹಾಲು, ಕಟ್ಟಡಕ್ಕೆ ಬಂದ ಟ್ಯಾಂಕರ್ ನೀರು, ಯಾವುದನ್ನೂ ಬಿಡಬೇಡಿ. ಜೊತೆಗೆ ತಿಂದವರು ಯಾರು, ಯಾವ ತಿನಿಸು ತಿಂದವರಿಗೆ ತೊಂದರೆಯಾಯಿತು, ತಿನ್ನದವರಲ್ಲಿ ಯಾರು ಸರಿಯಾಗಿದ್ದಾರೆ ಎಂಬುದನ್ನೂ ಸೇರಿಸಿ. ಮೂವರಲ್ಲಿ ಅದೇ ರ‍್ಯಾಪ್ ತಿಂದ ಇಬ್ಬರೇ ಮಲಗಿದ್ದರೆ ಆ ಒಂದು ಸಾಲಿಗೆ ಪುಟಗಟ್ಟಲೆ ಸಿಟ್ಟಿಗಿಂತ ಹೆಚ್ಚು ತೂಕವಿದೆ. ಮುಂಬಯಿ ಕನ್ನಡಿಗರಲ್ಲಿ ಹೋಟೆಲ್ ಉದ್ಯಮದ ನಂಟಿಲ್ಲದ ಮನೆಗಳು ಕಡಿಮೆ. ತಪ್ಪು ಆರೋಪವೊಂದು ಅಡುಗೆಮನೆಯಲ್ಲಿ ದುಡಿಯುವವರ ಅನ್ನಕ್ಕೆ ಹೇಗೆ ಕುತ್ತು ತರುತ್ತದೆಂದು ನಾವು ಬಲ್ಲೆವು. ಪಟ್ಟಿ ಪ್ರಾಮಾಣಿಕವಾಗಿರಬೇಕು ಎನ್ನಲು ಅದೂ ಒಂದು ಕಾರಣ.

ಕಂಪನಿಗೆ ಪತ್ರ

ಫೋನಿನಲ್ಲಿ ಮಾತನಾಡಿದ್ದಕ್ಕೆ ದಾಖಲೆಯಿರುವುದಿಲ್ಲ. ಗ್ರಾಹಕ ಸೇವೆಯ ಇಮೇಲ್‌ಗೇ ಬರೆಯಿರಿ. ಧಾಟಿ ಹೀಗಿರಲಿ: ‘ನಿಮ್ಮ ಇಂಥ ಮಳಿಗೆಯಲ್ಲಿ ಇಂಥ ದಿನ, ಇಷ್ಟು ಗಂಟೆಗೆ ಈ ಕೆಳಗಿನ ತಿನಿಸುಗಳನ್ನು ಕೊಂಡೆವು. ಇಷ್ಟು ಗಂಟೆಗಳ ನಂತರ ಇಬ್ಬರಿಗೆ ವಾಂತಿ ಆರಂಭವಾಯಿತು. ಆಹಾರವೇ ಕಾರಣವಿರಬಹುದೆಂಬ ಶಂಕೆಯಿದೆ. ಆ ದಿನ ಆಹಾರವನ್ನಿಟ್ಟ ತಾಪಮಾನದ ದಾಖಲೆ ಮತ್ತು ಸರಕಿನ ಬ್ಯಾಚ್ ವಿವರಗಳನ್ನು ಕಾಯ್ದಿರಿಸಿ, ತನಿಖೆಯ ಫಲಿತಾಂಶವನ್ನು ಲಿಖಿತವಾಗಿ ತಿಳಿಸಬೇಕು.’ ‘ಶಂಕೆ’ ಎಂಬ ಪದವನ್ನು ಕೈಬಿಡಬೇಡಿ. ಹಣ ಕೊಡದಿದ್ದರೆ ಫೇಸ್‌ಬುಕ್‌ನಲ್ಲಿ ಹಾಕುತ್ತೇವೆಂದು ಎಂದೂ ಬರೆಯಬೇಡಿ. ಅದು ಬೆದರಿಕೆಯೆನಿಸಿ ನಿಮಗೇ ತಿರುಗುಬಾಣವಾದೀತು. ಕೂಪನ್ ಅಥವಾ ಹಣ ವಾಪಸಾತಿಗೆ ಒಪ್ಪುವಾಗ ಇನ್ನು ಯಾವ ದೂರೂ ಇಲ್ಲವೆಂಬ ಸಾಲಿಗೆ ಸಹಿ ಕೇಳಿದರೆ, ಗುಣವಾಗುವವರೆಗೆ ಹಾಕಬೇಡಿ.

ಸರ್ಕಾರಕ್ಕೆ ದೂರು

ಕಂಪನಿಯ ಉತ್ತರಕ್ಕೆ ಕಾಯುತ್ತ ಕೂರದೆ, ಅದೇ ದಿನ ಮಹಾರಾಷ್ಟ್ರದ ಎಫ್‌ಡಿಎಯ (ರಾಜ್ಯದ ಆಹಾರ ಮತ್ತು ಔಷಧ ಆಡಳಿತ ಇಲಾಖೆಯ) 1800-222-365 ಸಂಖ್ಯೆಗಾಗಲಿ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ಗಾಗಲಿ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ಅಡುಗೆಮನೆಯಲ್ಲಿ ಮಾದರಿ ತೆಗೆಯುವ ಅಧಿಕಾರವಿರುವುದು ಆಹಾರ ಸುರಕ್ಷತಾ ಅಧಿಕಾರಿಗೆ. ತಡವಾದಷ್ಟೂ ಆ ದಿನದ ಸರಕು ಖಾಲಿಯಾಗಿರುತ್ತದೆ. ಮರಾಠಿಯಲ್ಲಿ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ, ತಾರೀಖುಗಳನ್ನು ನೀವೇ ಹೋಲಿಸಿ ನೋಡಿ.

ಚಿಕಿತ್ಸೆಯ ವೆಚ್ಚದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ, ದಾದರಿನಲ್ಲಿ ತಿಂದ ಡೊಂಬಿವಲಿಯವರು ಠಾಣೆ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದ ವ್ಯವಹಾರಕ್ಕೆ ಶುಲ್ಕವಿಲ್ಲ. ಬಿಲ್ಲಿನ ಮಸಿ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಮನೆಗೆ ಬಂದ ದಿನವೇ ಅದರ ಫೋಟೊ ತೆಗೆದಿಡಿ. ಅರ್ಜಿಯ ಜೊತೆ ಪ್ರತಿಗಳನ್ನು ಮಾತ್ರ ಕೊಟ್ಟು, ಮೂಲಗಳನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ.