ಯಾವ ಚಾನೆಲ್ ನಂಬಬೇಕು? ಪಟ್ಟಿ ಪಕ್ಕದಲ್ಲಿ ಇಟ್ಟು ನೋಡಿ

ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಕಡೆ. ಎರಡು ಎಕರೆ ಜಮೀನು. ಟೊಮೆಟೊ, ಬೀನ್ಸ್, ಮನೆಗೆ ಆಗುವಷ್ಟು ರಾಗಿ. ಮನೆಯ ಲೆಕ್ಕ ಬರೆಯುವವಳು ನಾನು. ಟಿವಿ ಇರುವುದು ಸೀರಿಯಲ್ಲಿಗೆ. ಸುದ್ದಿ ಎಲ್ಲ ಮೊಬೈಲಿನಲ್ಲೇ ಬರುತ್ತದೆ: ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗರು, ವಾಟ್ಸಾಪ್ ಗ್ರೂಪು, ಫೇಸ್‌ಬುಕ್ ಲೈವ್. ದೊಡ್ಡ ಚಾನೆಲ್ಲಿನವರು ನಮ್ಮ ಮಂಡಿಗೆ ಬರುವುದು ರೇಟು ಆಕಾಶಕ್ಕೆ ಏರಿದಾಗ, ಇಲ್ಲ ರೈತರು ಹಣ್ಣನ್ನು ರಸ್ತೆಗೆ ಸುರಿದಾಗ. ಮಿಕ್ಕ ದಿನ ಈ ಹುಡುಗರೇ ನಮಗೆ ಗತಿ. ಆದ್ದರಿಂದ ಇವರಲ್ಲಿ ಯಾರನ್ನು, ಯಾವ ವಿಷಯಕ್ಕೆ, ಎಷ್ಟು ನಂಬಬೇಕು ಅನ್ನುವುದನ್ನು ನಾನು ಕಲಿಯಲೇಬೇಕಾಯಿತು. ದುಡ್ಡು ಕಳೆದುಕೊಂಡು ಕಲಿತೆ.

2023ರ ಜುಲೈ ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವುದಿಲ್ಲ. 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ನಮ್ಮ ತೋಟದಲ್ಲಿ ಆಗ ಒಂದು ಹಣ್ಣೂ ಇರಲಿಲ್ಲ. ನಮ್ಮ ಮನೆಯವರು ರಾತ್ರಿ ಊಟ ಆದ ಮೇಲೆ ಒಂದು ಚಾನೆಲ್ ನೋಡುತ್ತಿದ್ದರು. "ಇನ್ನೂ ಮೂರು ತಿಂಗಳು ರೇಟು ಇಳಿಯಲ್ಲ ಸ್ವಾಮಿ, ಈಗ ನಾಟಿ ಮಾಡಿದೋರೇ ಜಾಣರು" ಅಂದ ಅದರಲ್ಲಿ ಮಾತಾಡುವವನು. ಕೊನೆಯಲ್ಲಿ ಒಂದು ನರ್ಸರಿಯ ಫೋನ್ ನಂಬರ್ ಬಂತು. ಅದೇ ನರ್ಸರಿಯಿಂದ ಸಸಿ ತಂದು ಮುಕ್ಕಾಲು ಎಕರೆ ಹಾಕಿದೆವು. ಟೊಮೆಟೊ ನಾಟಿ ಮಾಡಿದ ಮೇಲೆ ಹಣ್ಣು ಬಿಡಿಸಲು ಎರಡು ತಿಂಗಳಾದರೂ ಬೇಕು. ನಾವು ಹಾಕಿದ ಹಾಗೇ ಊರೂರಿನಲ್ಲೂ ಹಾಕಿದ್ದರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಮಾಲು ಮಾರಿದ ಮೇಲೆ ಮಂಡಿಯವರು ಬರೆದುಕೊಡುವ ಚೀಟಿಗೆ ನಾವು ಪಟ್ಟಿ ಅನ್ನುತ್ತೇವೆ. ನಮ್ಮ ಮೊದಲ ಪಟ್ಟಿಯಲ್ಲಿ ಬಾಕ್ಸಿಗೆ 110 ರೂಪಾಯಿ ಬರೆದಿತ್ತು. ಗಾಡಿ ಬಾಡಿಗೆ, ಕೂಲಿ, ಕಮಿಷನ್ ಕಳೆದರೆ ಗಿಡ ಎತ್ತಿಕಟ್ಟುವ ಕಡ್ಡಿ, ದಾರದ ಖರ್ಚೂ ಹುಟ್ಟಲಿಲ್ಲ.

ಆ ಮನುಷ್ಯ ಸುಳ್ಳು ಹೇಳಿದ ಅಂತ ನಾನು ಹೇಳಲಾರೆ. ಅವತ್ತಿನ ರೇಟು ನಿಜವೇ ಆಗಿತ್ತು. ಆದರೆ ಇವತ್ತು ಇಷ್ಟಿದೆ ಅನ್ನುವುದು ಸುದ್ದಿ. ಮುಂದೆಯೂ ಇಷ್ಟೇ ಇರುತ್ತದೆ ಅನ್ನುವುದು ಅಂದಾಜು. ಅವನು ಎರಡನ್ನೂ ಒಂದೇ ಉಸಿರಿಗೆ ಹೇಳಿದ, ನಾವು ಎರಡನ್ನೂ ಒಂದೇ ಥರ ನಂಬಿಬಿಟ್ಟೆವು. ಸಸಿ ಮಾರುವವನ ದುಡ್ಡಿನಲ್ಲಿ ನಡೆಯುವ ವಿಡಿಯೊ ನಾಟಿ ಮಾಡಬೇಡಿ ಅಂತ ಯಾವತ್ತಾದರೂ ಹೇಳೀತೇ? ಅದನ್ನು ಅವತ್ತೇ ಯೋಚಿಸಬೇಕಿತ್ತು.

ಮೊದಲು ಒಂದು ನೋಟ್‌ಬುಕ್ ಇಡಿ

ಮಕ್ಕಳ ಹಳೇ ನೋಟ್‌ಬುಕ್ ಸಾಕು. ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ದಿನಾಂಕ, ಯಾವ ಚಾನೆಲ್, ಏನು ಹೇಳಿತು, ನಿಜವಾಗಿ ಏನಾಯಿತು. ಒಂದು ತಿಂಗಳು ಬಿಡದೆ ಬರೆಯಿರಿ. ಕೊನೆಯ ಕಾಲಂ ಅವತ್ತೇ ತುಂಬಲು ಆಗುವುದಿಲ್ಲ, ಖಾಲಿ ಬಿಡಿ. ಮಳೆ ಬರುತ್ತದೆ ಅಂದಿದ್ದರೆ ಮೂರು ದಿನ ಬಿಟ್ಟು ತುಂಬಿ. ನಮಗೆ ತೊಂದರೆ ಆಗುವುದು ಮರೆವಿನಿಂದ. ಹತ್ತು ಸಲ ತಪ್ಪಿದವನು ಹನ್ನೊಂದನೇ ಸಲ ಜೋರು ದನಿಯಲ್ಲಿ ಹೇಳಿದರೆ ಮತ್ತೆ ಕೂತು ಕೇಳುತ್ತೇವೆ. ಬರೆದಿಟ್ಟರೆ ಹಾಗಾಗುವುದಿಲ್ಲ.

ರೇಟಿನ ವಿಷಯದಲ್ಲಿ ತಾಳೆ ನೋಡುವುದು ಸುಲಭ. ನಿಮ್ಮ ಪಟ್ಟಿ ಇದೆ, ಪಕ್ಕದ ತೋಟದವರ ಪಟ್ಟಿ ಇದೆ. ಇದರ ಮೇಲೆ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್ ಇದೆ. ಅದರಲ್ಲಿ ಪ್ರತಿ ಮಾರುಕಟ್ಟೆಯ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತದೆ. ಜಾಸ್ತಿ ಮಾಲು ಹೋದ ಬೆಲೆಯೇ ಮಾದರಿ ಬೆಲೆ. ನಿಮಗೆ ಬೇಕಾದ್ದು ಅದು. ಅಲ್ಲಿ ಲೆಕ್ಕ ಕ್ವಿಂಟಲ್‌ಗೆ. ಅದನ್ನು 100ರಿಂದ ಭಾಗಿಸಿ 15ರಿಂದ ಗುಣಿಸಿ. ಕ್ವಿಂಟಲ್‌ಗೆ 2,000 ಅಂದರೆ ನಮ್ಮ ಬಾಕ್ಸಿಗೆ 300.

ಒಂದು ತಿಂಗಳು ಬರೆದ ಮೇಲೆ ನನಗೆ ಕಂಡದ್ದು ಇದು. ಒಂದು ಚಾನೆಲ್ ದಿನಾ ಗರಿಷ್ಠ ಬೆಲೆಯನ್ನೇ "ಇವತ್ತಿನ ರೇಟು" ಅಂತ ಹೇಳುತ್ತಿತ್ತು. ಯಾರೋ ಒಬ್ಬರ ಹತ್ತು ಬಾಕ್ಸ್ ಒಳ್ಳೇ ಗಟ್ಟಿ ಹಣ್ಣಿಗೆ ಸಿಕ್ಕ ರೇಟು ಅದು. ಇನ್ನೊಬ್ಬ ಹುಡುಗ "ಟಾಪು ಇಷ್ಟು, ಆದರೆ ಜಾಸ್ತಿ ಹೋಗಿದ್ದು ಇಷ್ಟಕ್ಕೆ, ಗೋಲಿ ಹಣ್ಣು (ಸಣ್ಣ ಹಣ್ಣು) ಇಷ್ಟಕ್ಕೆ" ಅಂತ ಮೂರನ್ನೂ ಬಿಡಿಸಿ ಹೇಳುತ್ತಿದ್ದ. ಅವನ ವಿಡಿಯೊ ನೋಡುವವರು ಕಡಿಮೆ. ನನ್ನ ಪಟ್ಟಿಗೆ ಹತ್ತಿರ ಬರುತ್ತಿದ್ದದ್ದು ಅವನ ಮಾತೇ.

ಮಂಡಿ ವಿಡಿಯೊ ನೋಡುವಾಗ ಬಾಯಿ ಮುಚ್ಚಿಸಿ ನೋಡಿ, ಅಂದರೆ ಸೌಂಡ್ ಕಡಿಮೆ ಮಾಡಿ. ಬಾಕ್ಸಿನ ಮೇಲೆ ಬರೆದ ಹೆಸರು ಯಾವುದು? ಹಿಂದೆ ನಿಂತ ಲಾರಿಯ ನಂಬರ್ ಎಲ್ಲಿಯದು? ನೆಲ ಒದ್ದೆ ಇದೆಯೇ, ಅವತ್ತು ನಮ್ಮಲ್ಲಿ ಮಳೆ ಬಂದಿತ್ತೇ? ಒಮ್ಮೆ "ಕೋಲಾರ ಲೈವ್" ಅಂತ ಬಂದ ವಿಡಿಯೊದಲ್ಲಿ ಬಾಕ್ಸಿನ ಅಳತೆಯೇ ಬೇರೆ ಇತ್ತು. ಎಲ್ಲ ಮಾರ್ಕೆಟ್ಟಿನಲ್ಲೂ ಬಾಕ್ಸ್ 15 ಕೆಜಿಯದ್ದಲ್ಲ, ಹಾಗಾಗಿ ಬಾಕ್ಸ್ ರೇಟು ಹೋಲಿಸುವ ಮುಂಚೆ ಬಾಕ್ಸನ್ನೇ ನೋಡಬೇಕು. ತೆಲುಗು ಮಾತು ಕೇಳಿಸಿತು ಅಂತ ಮಾತ್ರ ಅದು ಆಂಧ್ರದ ಮದನಪಲ್ಲಿ ಟೊಮೆಟೊ ಮಾರ್ಕೆಟ್ಟು ಅನ್ನಬೇಡಿ. ನಮ್ಮ ಮಂಡಿಯಲ್ಲೂ ಅರ್ಧ ಮಾತು ತೆಲುಗೇ.

ಕಣ್ಣಿಗೆ ಕಾಣುವುದು ಬೇರೆ, ಕಾಣದ್ದು ಬೇರೆ

ಇದನ್ನು ನಮಗೆ ಕೆ.ಸಿ. ವ್ಯಾಲಿ ನೀರು ಕಲಿಸಿತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟದ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ. ಕೆರೆ ಕಡೆ ಹೋದವರು ಮೊಬೈಲಿನಲ್ಲಿ ಹಿಡಿದ ವಿಡಿಯೊ ಸಂಜೆಯೊಳಗೆ ಎಲ್ಲರ ಕೈಗೂ ಬಂತು. ಜುಲೈ ಕೊನೆಯ ವಾರ ಹೈಕೋರ್ಟ್ ತಡೆ ಕೊಟ್ಟಿತು. ಮುಂದೆ ನೀರು ಮತ್ತೆ ಹರಿಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವುದು ಜಿಲ್ಲೆಯ ಹೋರಾಟಗಾರರ ಬೇಡಿಕೆ.

ಆ ನೊರೆಯ ವಿಷಯದಲ್ಲಿ ಮೊಬೈಲ್ ಹಿಡಿದವರು ಹೇಳಿದ್ದೇ ಸರಿ. ನೊರೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಫೋನೇ ಸಾಕ್ಷಿ. ಆದರೆ ಅದೇ ಫೋನಿನಲ್ಲಿ ಆಮೇಲೆ ಎರಡು ಥರದ ವಿಡಿಯೊ ಬಂದವು. ಈ ನೀರಲ್ಲಿ ಬೆಳೆದ ಸೊಪ್ಪು ತಿಂದರೆ ಕ್ಯಾನ್ಸರ್ ಗ್ಯಾರಂಟಿ ಅಂತ ಒಂದು. ನೀರು ಗಂಗೆಯಷ್ಟು ಶುದ್ಧ, ಧೈರ್ಯವಾಗಿ ಕುಡಿಯಿರಿ ಅಂತ ಇನ್ನೊಂದು. ನೀರಿನಲ್ಲಿ ಸೀಸ ಇದೆಯೇ, ನೈಟ್ರೇಟ್ ಎಷ್ಟಿದೆ ಅಂತ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅಂಥ ಮಾತು ಬಂದಾಗ ಕೇಳಬೇಕಾದ ಪ್ರಶ್ನೆ ಇವು: ಯಾವ ಕೆರೆಯ ನೀರು? ಯಾವ ದಿನ ತೆಗೆದದ್ದು? ಯಾವ ಲ್ಯಾಬು? ರಿಪೋರ್ಟಿನ ಪೂರ್ತಿ ಹಾಳೆ ತೋರಿಸಿದರೇ, ಇಲ್ಲ ಒಂದು ಸಾಲಿಗೆ ಕೆಂಪು ಗೆರೆ ಎಳೆದು ತೋರಿಸಿದರೇ? ನಿಮಗೆ ಇಷ್ಟವಾದ ಮಾತು ಹೇಳಿದವರಿಗೂ ಇದೇ ಪ್ರಶ್ನೆ ಕೇಳಿ. ನಮ್ಮ ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂದಿದೆ, ಅದು ನಾನೇ ಕಂಡ ಸತ್ಯ. ಆ ನೀರು ಕುಡಿಯಲು ಸರಿಯೇ ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೂ ಉತ್ತರ ಸಿಕ್ಕಿತು ಅನ್ನುವವರು ಎರಡೂ ಕಡೆ ಇದ್ದಾರೆ.

ಒಂದಕ್ಕೆ ನಂಬಿದವರನ್ನು ಎಲ್ಲದಕ್ಕೂ ನಂಬಬೇಡಿ

ರೇಟು ಸರಿಯಾಗಿ ಹೇಳುವ ಹುಡುಗ ಒಂದು ದಿನ ಸಕ್ಕರೆ ಕಾಯಿಲೆಗೆ ಮದ್ದು ಹೇಳಿದ. ನಮ್ಮ ಅತ್ತೆ ಮಾತ್ರೆ ಬಿಟ್ಟು ಮೆಂತ್ಯದ ನೀರು ಶುರು ಮಾಡಲು ಹೊರಟರು. "ಅತ್ತೆ, ಬೋರ್‌ವೆಲ್ ಪಾಯಿಂಟ್ ಹೇಳೋರನ್ನ ಕರೆದು ಹಲ್ಲು ಕೀಳಿಸ್ತೀವಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತ್ರೆ ಡಬ್ಬಿ ಕೊಡು ಅಂದರು. ನೋಟ್‌ಬುಕ್ಕಿನಲ್ಲಿ ನಾನು ಈಗ ಒಂದೇ ಚಾನೆಲ್ಲಿಗೆ ಎರಡು ಪುಟ ಇಟ್ಟಿದ್ದೇನೆ. ರೇಟಿಗೆ ಒಂದು, ಮಿಕ್ಕಿದ್ದಕ್ಕೆ ಒಂದು.

ಇನ್ನು ಮೈಕು, ಕೊರಳಿನ ಐಡಿ ಕಾರ್ಡು, ಕಾರಿನ ಗಾಜಿಗೆ ಅಂಟಿಸಿದ ಪ್ರೆಸ್ ಸ್ಟಿಕ್ಕರ್. ಇವು ಯಾವುವೂ ಅಧಿಕಾರ ಅಲ್ಲ. ಪತ್ರಿಕೆ ನಡೆಸಲು ಕೇಂದ್ರದ ಪತ್ರಿಕಾ ನೋಂದಣಿ ಬೇಕು, ಯೂಟ್ಯೂಬ್ ಚಾನೆಲ್ಲಿಗೆ ಅಂಥ ನೋಂದಣಿ ಇಲ್ಲ. ಹಾಗಾಗಿ "ಸರ್ಕಾರದಿಂದ ಮಾನ್ಯತೆ ಪಡೆದ ಚಾನೆಲ್" ಅನ್ನುವ ಮಾತಿಗೆ ಹೆದರಬೇಡಿ. ಆದರೆ 2021ರ ಐಟಿ ನಿಯಮದ ಪ್ರಕಾರ ಡಿಜಿಟಲ್ ಸುದ್ದಿ ಸಂಸ್ಥೆಗಳು ದೂರು ಕೇಳುವ ಒಬ್ಬರ ಹೆಸರು, ವಿಳಾಸ ಕೊಡಬೇಕು, ದೂರಿಗೆ 15 ದಿನದೊಳಗೆ ಉತ್ತರ ಹೇಳಬೇಕು. ಆ ಹೆಸರು ಇದೆಯೇ ಅಂತ ಹುಡುಕಿ. ನಮ್ಮ ಪಕ್ಕದ ಊರಿನ ಅಂಗಡಿಯವರ ಹತ್ತಿರ ಒಬ್ಬ ಮೈಕಿನವನು "ಸುದ್ದಿ ಹಾಕಬಾರದು ಅಂದ್ರೆ ಐದು ಸಾವಿರ" ಅಂದಿದ್ದ. ಹೆಸರು, ವಿಳಾಸ ಕೇಳಿದ ಕೂಡಲೇ ಗಾಡಿ ತಿರುಗಿಸಿದ. ದುಡ್ಡು ಕೇಳಿದರೆ ಪೊಲೀಸರಿಗೆ ಹೇಳಿ, ಕೊಡಬೇಡಿ.

ಫೋನಿನಲ್ಲೇ ಮಾಡಬಹುದಾದ ಎರಡು ಮೂರು ಕೆಲಸ ಬೇಗ ಹೇಳಿಬಿಡುತ್ತೇನೆ. ಚಿತ್ರದ ಮೇಲೆ ಅನುಮಾನ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ, ಹಳೇ ಚಿತ್ರವಾದರೆ ಬಹಳ ಸಲ ಸಿಕ್ಕಿಬೀಳುತ್ತದೆ. ಯೂಟ್ಯೂಬ್ ಚಾನೆಲ್ಲಿನ ಹೆಸರು ಒತ್ತಿ ವಿವರ ನೋಡಿದರೆ ಯಾವಾಗ ಶುರುವಾಯಿತು ಅಂತ ಇರುತ್ತದೆ. ಫೇಸ್‌ಬುಕ್ ಪೇಜು ಹಿಂದೆ ಯಾವ ಹೆಸರಿನಲ್ಲಿತ್ತು ಅನ್ನುವುದೂ ಅದರ ಪಾರದರ್ಶಕತೆ ಭಾಗದಲ್ಲಿ ಸಿಗುತ್ತದೆ. ವಾಟ್ಸಾಪಿನಲ್ಲಿ ಎರಡು ಬಾಣದ ಗುರುತು ಬಂದರೆ ಅದು ಬಹಳ ಕೈ ದಾಟಿ ಬಂದದ್ದು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಇದೇ ರೀತಿ ಹರಡಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದು ನೆನಪಾದಾಗಲೆಲ್ಲ ನನ್ನ ಬೆರಳು ಫಾರ್ವರ್ಡ್ ಬಟನ್ ಮೇಲೆ ನಿಂತುಬಿಡುತ್ತದೆ.

ತಪ್ಪಿದಾಗ ಏನು ಮಾಡುತ್ತಾರೆ ನೋಡಿ

ನನಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ "ನಮ್ಮ ಧ್ವನಿ" ಅಂತ ಸಮುದಾಯ ರೇಡಿಯೊ ಶುರುವಾಯಿತು. ಹಳ್ಳಿ ಸಂಘದವರಿಗೆ ಆಗ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ, ಅದಕ್ಕೆ ಕೇಬಲ್ ಎಳೆದು ಮನೆಮನೆಗೆ ದನಿ ಕೊಟ್ಟರು. ಮಾತಾಡುವವರು ಊರಿನವರೇ, ಕೇಳುವವರೂ ಊರಿನವರೇ. ತಪ್ಪು ಹೇಳಿದರೆ ಮಾರನೇ ದಿನ ನಲ್ಲಿ ಹತ್ತಿರ ಎದುರಾಗಲೇಬೇಕು. ಆ ಮುಖಾಮುಖಿ ಮೊಬೈಲಿನಲ್ಲಿ ಇಲ್ಲ. ಹಾಗಾಗಿ ತಪ್ಪಾದಾಗ ತಾವಾಗಿ ಬಂದು ಹೇಳುವವರು ಯಾರು ಅಂತ ನಾವೇ ಗಮನಿಸಬೇಕು.

ನಾನು ಹೇಳಿದ ಮಂಡಿ ಹುಡುಗ ಒಂದು ಬೆಳಿಗ್ಗೆ 380 ಅನ್ನುವ ಬದಲು 480 ಅಂದುಬಿಟ್ಟ. ನಾನು ಫೋನ್ ಮಾಡಿದೆ. "ಅಕ್ಕಾ, ತಪ್ಪಾಯ್ತು, ಈಗಲೇ ಸರಿ ಮಾಡ್ತೀನಿ" ಅಂದ. ಮಧ್ಯಾಹ್ನದೊಳಗೆ ಹೊಸ ವಿಡಿಯೊ ಹಾಕಿದ. ಮೊದಲ ಮಾತೇ "ಬೆಳಿಗ್ಗೆ ನಾನು ಹೇಳಿದ ರೇಟು ತಪ್ಪು". ಹಳೆಯದನ್ನು ಸದ್ದಿಲ್ಲದೆ ಅಳಿಸಿ ಕೂತಿದ್ದರೆ ನನ್ನ ನೋಟ್‌ಬುಕ್ಕಿನಲ್ಲಿ ಅವನ ಪುಟ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮನೆ ಗ್ರೂಪಿನಲ್ಲೂ ಈಗ ಇದೇ ಪದ್ಧತಿ. ಯಾರು ತಪ್ಪು ಸುದ್ದಿ ಹಾಕಿದರೋ ಅವರೇ ಅದರ ಕೆಳಗೆ ಬರೆಯಬೇಕು.

ಅವತ್ತು ಫೋನ್ ಇಡುವ ಮುಂಚೆ ಆ ಹುಡುಗ ಕೇಳಿದ: "ಅಕ್ಕಾ, ನಿಮ್ಮ ಪಟ್ಟಿ ಫೋಟೊ ದಿನಾ ಕಳಿಸ್ತೀರಾ? ಇನ್ನೂ ಐದಾರು ಜನದ್ದು ಸಿಕ್ಕಿದ್ರೆ ನಾನು ಅಂದಾಜಿನ ಮೇಲೆ ಹೇಳೋದು ನಿಲ್ಲುತ್ತೆ." ಹಣ್ಣು ಹಾಕಿದ ದಿನ ಕಳಿಸುತ್ತಿದ್ದೇನೆ. ಮಂಡಿ ಹೆಸರು, ನಮ್ಮ ಹೆಸರು ಇರುವ ಕಡೆ ಹೆಬ್ಬೆರಳು ಅಡ್ಡ ಇಟ್ಟು ಫೋಟೊ ತೆಗೆಯುತ್ತೇನೆ. ದಿನಾಂಕ, ಎಷ್ಟು ಬಾಕ್ಸ್, ಎಷ್ಟು ರೇಟು, ಇಷ್ಟು ಕಂಡರೆ ಅವನಿಗೆ ಸಾಕು.