ಚುಕ್ಕಿಯಲ್ಲಿ ಪ್ರಶ್ನೆ ಕೇಳೋದು ಹೇಗೆ?

ಮದ್ದೂರು ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಎಂಟನೇ ಕ್ಲಾಸಿನವರಿಗೆ ಒಂದು ಕೆಲಸ ಕೊಟ್ಟೆ: ಬೇರೆ ಲೋಕದವರು ಸಿಕ್ಕರೆ ಏನು ಕೇಳ್ತೀರಿ? ಒಬ್ಬರಿಗೆ ಒಂದೇ ಪ್ರಶ್ನೆ.

ಮೊದಲ ದಿನ ಪೂರ್ತಿ ಕೆಟ್ಟಿತು. 'ನಿಮ್ಮ ಹೆಸರೇನು?', 'ನಿಮಗೂ ಪರೀಕ್ಷೆ ಇದೆಯಾ?' ಅರ್ಧ ಕ್ಲಾಸು ಪಕ್ಕದವರದ್ದು ನೋಡಿ ಬರೆದಿತ್ತು. ತಪ್ಪು ನನ್ನದೇ, ದೂರ ಎಷ್ಟು ಅಂತ ಹೇಳಿರಲೇ ಇಲ್ಲ.

ಮರುದಿನ ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಸೂರ್ಯನನ್ನು ಬಿಟ್ಟರೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಬೆಳಕಿಗೇ 4.2 ವರ್ಷದ ದಾರಿ, ರೇಡಿಯೋ ಅಲೆಗೂ ಅಷ್ಟೇ. ಇವತ್ತು ಕೇಳಿದರೆ, ಅಲ್ಲಿ ಯಾರಾದರೂ ಇದ್ದು ತಕ್ಷಣ ಹೇಳಿದರೂ, ಉತ್ತರ ಬರುವ ಹೊತ್ತಿಗೆ ನಿಮಗೆ ಇಪ್ಪತ್ತೊಂದು ದಾಟಿರುತ್ತದೆ ಅಂದೆ. ಕ್ಲಾಸು ಗಪ್‌ಚುಪ್. ಆಮೇಲೆ ಬಂದ ಒಂದು ಪ್ರಶ್ನೆ: 'ಮಳೆ ಕೈಕೊಟ್ಟ ವರ್ಷ ನೀರು ಹೆಂಗೆ ಹಂಚ್ಕೋತೀರಿ?' ಬರೆದವನ ಮನೆಯ ಜಮೀನು ನಾಲೆಯ ಕೊನೆಯಲ್ಲಿದೆ. ಕೇಳದೆ ಇರ್ತಾನಾ?

1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳಲ್ಲಿರುವ, ಚಿನ್ನದ ಲೇಪದ ಧ್ವನಿಮುದ್ರಿಕೆ ತಟ್ಟೆಯ ಬಗ್ಗೆಯೂ ಹೇಳಿದೆ. ಅದರಲ್ಲಿ 55 ಭಾಷೆಯ ಶುಭಾಶಯ ಇದೆ, ಕನ್ನಡವೂ ಇದೆ. ಚೀನಾದ ಆಮಾಯ್ ಮಾತಿನಲ್ಲಿ 'ಊಟ ಆಯ್ತಾ?' ಅಂತ ಕೇಳಿದ್ದಾರೆ. 'ನಮ್ಮೂರೋರಂಗೇ ಸಾ!' ಅಂತ ನಕ್ಕರು.

ಆದರೆ ಬೇರೆ ಲೋಕದವರಿಗೆ ನಮ್ಮ ಭಾಷೆ ತಿಳಿಯಬೇಕಲ್ಲ? 1974ರಲ್ಲಿ ಅರೆಸಿಬೋ ಎಂಬ ದೊಡ್ಡ ರೇಡಿಯೋ ದೂರದರ್ಶಕದಿಂದ ನಕ್ಷತ್ರಗಳತ್ತ ಕಳಿಸಿದ ಸಂದೇಶದಲ್ಲಿ 1679 ಅಂಕಿ, ಎಲ್ಲವೂ ಸೊನ್ನೆ ಇಲ್ಲವೇ ಒಂದು. 1679 ಅಂದರೆ 23 ಗುಣಿಸು 73, ಎರಡೂ ಅವಿಭಾಜ್ಯ. ಸಾಲಿಗೆ 23ರಂತೆ 73 ಸಾಲು ಜೋಡಿಸಿದರೆ ಚಿತ್ರ ಮೂಡುತ್ತದೆ. ನಾವು ಸಣ್ಣದಾಗಿ 35 ಅಂಕಿ ಮಾಡಿದೆವು, 5 ಗುಣಿಸು 7. ಗ್ರಾಫ್ ಹಾಳೆಯಲ್ಲಿ ಒಂದು ಇದ್ದಲ್ಲಿ ಪೆನ್ಸಿಲಿನಿಂದ ಮಸಿ ಮಾಡಬೇಕು. ಸಾಲಿಗೆ ಐದು ಹಾಕಿದವರಿಗೆ ಮನುಷ್ಯ ಬಂದ. ಏಳು ಹಾಕಿದವರಿಗೆ ಬರೀ ಗೀಚು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದಳು. 'ಸಾ, ಚಿತ್ರ ಹೇಳ್ತದೆ. ಕೇಳೋದೆಂಗೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಅವರಿಗೆ ಬರೀ ಒಂದು ಕೊಂಡಿ, ಅಲ್ವಾ?

ಸೋಮವಾರ ಅವಳೇ ಹಾಳೆ ತಂದಳು. ಮೇಲೆ ಸೂರ್ಯ, ಸಾಲಾಗಿ ಗ್ರಹಗಳು. ಮೂರನೆಯದನ್ನು ಸ್ವಲ್ಪ ಎತ್ತಿ ಅದರ ಮೇಲೆ ಮನುಷ್ಯನನ್ನು ನಿಲ್ಲಿಸಿದ್ದಳು. ಅರೆಸಿಬೋ ಸಂದೇಶದಲ್ಲೂ ಭೂಮಿಯನ್ನು ಹೀಗೇ ಎತ್ತಿದ್ದಾರೆ, ನಾನದನ್ನು ಹೇಳಿರಲಿಲ್ಲ. ಕೆಳಗೆ ಇನ್ನೊಂದು ಸೂರ್ಯ, ಗ್ರಹಗಳು. ಯಾವುದನ್ನೂ ಎತ್ತಿಲ್ಲ, ಮನುಷ್ಯನ ಜಾಗದಲ್ಲಿ ಖಾಲಿ ಚೌಕ. ನಾವಿಲ್ಲಿದ್ದೀವಿ, ನೀವು?

'ಅವರಿಗೆ ಎಷ್ಟು ಗ್ರಹ ಅಂತ ನಿಂಗೆಂಗೆ ಗೊತ್ತು?' ಅಂದ ನಾಲೆ ಕೊನೆಯವನು. ಅವಳು ಒಂದು ಕ್ಷಣ ನೋಡಿದಳು. ರಬ್ಬರ್ ತಗೊಂಡು ಕೆಳಗಿನ ಗ್ರಹಗಳನ್ನೆಲ್ಲ ಉಜ್ಜಿದಳು, ಹಾಳೆ ಹರಿಯುವಷ್ಟು. ಸೂರ್ಯ ಒಂದೇ ಉಳಿಯಿತು.