ದನಿ ಕೂತಿದ್ಯಾ? ಪಿಸುಗುಟ್ಟಲೂಬೇಡಿ

ಮಂಡ್ಯದಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುವವಳು ನಾನು. ಹೋದ ತಿಂಗಳು ನೆಗಡಿ ಇದ್ದಾಗಲೇ ಆಟದ ಮೈದಾನದಲ್ಲಿ ಕೂಗಾಡಿದೆ. ಮರುದಿನ ಹಾಜರಿ ಕರೆಯೋಕೆ ಬಾಯಿ ತೆರೆದರೆ ಬರೀ ಗಾಳಿ. ಮಕ್ಕಳಿಗೆ ನಗುವೋ ನಗು.

ಧ್ವನಿಪೆಟ್ಟಿಗೆಯ ಒಳಗೆ ಎರಡು ಧ್ವನಿತಂತುಗಳಿವೆ. ಹೆಂಗಸರು ಮಾತಾಡುವಾಗ ಅವು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ. ಊದಿಕೊಂಡರೆ ಸರಿಯಾಗಿ ಕಂಪಿಸಲ್ಲ, ದನಿ ಒಡೆಯುತ್ತೆ. ಹೆಚ್ಚಿನ ಸಲ ಕಾರಣ ವೈರಸ್. ಹಾಗಾಗಿ ಸುಮ್ನೆ ಆಂಟಿಬಯಾಟಿಕ್ ನುಂಗಬೇಡಿ. ಒಂದೆರಡು ವಾರದಲ್ಲಿ ತಾನಾಗೇ ಸರಿಹೋಗುತ್ತೆ.

ನಾನು ಮಾಡಿದ ತಪ್ಪು ಎರಡು ದಿನ ಪಿಸುಗುಟ್ಟಿದ್ದು. ವಿಶ್ರಾಂತಿ ಕೊಡ್ತಿದೀನಿ ಅಂದ್ಕೊಂಡಿದ್ದೆ. ಬಲವಂತವಾಗಿ ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಜಾಸ್ತಿ ಶ್ರಮವಂತೆ! ಆಮೇಲೆ ಬೋರ್ಡ್ ಮೇಲೆ ಬರೆದೇ ಕ್ಲಾಸ್ ನಡೆಸಿದೆ. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳೋದೂ ಬೇಡ, ಒಂದು ಗುಟುಕು ನೀರು ಕುಡಿಯಿರಿ. ಉಪ್ಪುನೀರು ಮುಕ್ಕಳಿಸಿದರೆ ಹಿತ, ಆದರೆ ಅದು ಧ್ವನಿತಂತುವರೆಗೆ ಇಳಿಯಲ್ಲ. ಬೀಡಿ, ಸಿಗರೇಟು, ಹೊಗೆಯಿಂದ ದೂರವಿರಿ.

ರಾತ್ರಿ ಹತ್ತಕ್ಕೆ ಮುದ್ದೆ, ಕೋಳಿಸಾರು ಹೊಡೆದು ತಕ್ಷಣ ಮಲಗ್ತೀವಲ್ವಾ? ಹೊಟ್ಟೆಯ ಹುಳಿ ಮೇಲೆ ಬಂದರೂ ದನಿ ಕೆಡುತ್ತೆ.

ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ದನಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಚಿಕಿತ್ಸೆ ಇದೆ. ಉಸಿರಾಡೋಕೆ, ನುಂಗೋಕೆ ಕಷ್ಟವಾದರೆ, ಕೆಮ್ಮಿದಾಗ ರಕ್ತ ಬಂದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.